ಮೇಲಿಂದ ಓದು ಕಣಮ್ಮಿ

ನಮ್ಮ ಲ್ಯಾಬಿನ ಪ್ರತಿ ಮಾನಿಟರಿನ ಗಾಜಿನ ಮೇಲೂ ಒಂದೊಂದು ಮಾಸಲು ಬಿಳಿ ಗುರುತಿತ್ತು. ಅದು ಮೇಡಂ ಹಣೆಯ ವಿಭೂತಿ. ಅವರು ಪರದೆ ನೋಡುವುದೆಂದರೆ ನಾವು ನೀವು ನೋಡಿದ ಹಾಗಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿ ಎಳೆದು, ಮೂಗು ಗಾಜಿಗೆ ತಾಗುವಷ್ಟು ಬಾಗಿ, ತಲೆಯನ್ನು ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸುತ್ತ ಒಂದೊಂದೇ ಪದವನ್ನು ಹಿಡಿಯುತ್ತಿದ್ದರು. ಸಾಲು ಮುಗಿಯುವಷ್ಟರಲ್ಲಿ ಹಣೆ ಗಾಜಿಗೆ ಒರಗಿರುತ್ತಿತ್ತು. ಒರೆಸಿ ಒರೆಸಿ ಸಾಕಾದ ಅಟೆಂಡರ್ ಕೊನೆಗೆ ಆ ಕೆಲಸ ಬಿಟ್ಟೇಬಿಟ್ಟ. 'ಯಾವ ಮೆಷೀನು ಜಾಸ್ತಿ ಕೆಡ್ತದೆ ಅಂತ ಗುರುತು ನೋಡಿದ್ರೇ ಗೊತ್ತಾಯ್ತದೆ ಬುಡಿ' ಎನ್ನುತ್ತಿದ್ದ.

ಚಾಮರಾಜನಗರದ ಆ ಪಾಲಿಟೆಕ್ನಿಕ್ಕಿಗೆ ನಾನು ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಸೀಟು ಸಿಕ್ಕ ದಿನ ನಿದ್ದೆ, ಸಿಗದ ದಿನ ಕಂಬಿ. ಕಂಬಿ ಹಿಡಿದು ಬಂದ ಒಂದು ದಿನವೇ ನನ್ನ ಮೊದಲ ಲ್ಯಾಬು. ಪುಟ್ಟದೊಂದು ಪ್ರೋಗ್ರಾಂ ಬರೆದು, ಅದನ್ನು ಮೆಷೀನಿಗೆ ಅರ್ಥವಾಗುವ ಭಾಷೆಗೆ ಇಳಿಸುವ ಕಂಪೈಲರಿಗೆ ಕೊಟ್ಟೆ. ಪರದೆ ತುಂಬ ಇಂಗ್ಲಿಷ್ ಸಾಲುಗಳು ದಬದಬ ಬಂದು ಬಿದ್ದವು. ಕನ್ನಡ ಮೀಡಿಯಂನಲ್ಲಿ ಓದಿ ಬಂದವಳು ನಾನು. ಅಷ್ಟು ಇಂಗ್ಲಿಷಿನಲ್ಲಿ ನನ್ನನ್ನು ಯಾರೂ ಬೈದಿರಲಿಲ್ಲ.

'ಮೇಡಂ, ಏನೋ ಆಗೋಯ್ತು' ಎಂದೆ.

ಬಂದರು. ಪರದೆಯ ಕಡೆ ನೋಡಲೇ ಇಲ್ಲ. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಕಣ್ಣು ಮುಚ್ಚಿ, 'ಓದು' ಎಂದರು.

'ಏನ್ ಓದ್ಲಿ ಮೇಡಂ?'

'ಅದು ಏನ್ ಬರ್ದದೋ ಅದ್ನೇ. ಜೋರಾಗಿ ಓದು.'

ನಾನು ಕಟ್ಟಕಡೆಯ ಸಾಲಿನಿಂದ ಶುರು ಮಾಡಿದೆ. ಕಣ್ಣೆದುರಿಗೆ ಇದ್ದದ್ದು ಅದೇ ತಾನೇ. ಮೇಡಂ ಕೈ ಎತ್ತಿ ನಿಲ್ಲಿಸಿದರು.

'ಮೇಲಿಂದ ಓದು ಕಣಮ್ಮಿ. ನಮ್ಮೂರಲ್ಲಿ ಅರಳಿಕಟ್ಟೆ ತಾವ ನ್ಯಾಯ ಸೇರ್ತಾರಲ್ಲ, ಕೊನೇಲಿ ಕೂಗಾಡೋರೆಲ್ಲ ಇನ್ನೊಬ್ರ ಕೂಗಾಟಕ್ಕೆ ಕೂಗಾಡ್ತಿರ್ತಾರೆ. ಮೊದ್ಲು ಬಾಯ್ ಬುಟ್ಟೋನು ಯಾರು, ಅವ್ನಿಗೇನಾಗಿತ್ತು, ಅದ ಕೇಳು. ಮಿಕ್ಕಿದ್ದು ತಾನೇ ತಣ್ಣಗಾಯ್ತದೆ.'

ಮೇಲಕ್ಕೆ ಹೋಗಿ ಮೊದಲನೆಯ ಎರರ್ ಓದಿದೆ. ಇಂಗ್ಲಿಷಿನಲ್ಲಿ ಓದಿದ್ದು ಸಾಲದಾಯಿತು. 'ಈಗ ಅದ್ನೇ ನಿಮ್ಮವ್ವನ ಜೊತೆ ಮಾತಾಡ್ತೀಯಲ್ಲ, ಅಂಗೆ ಏಳು' ಎಂದರು. ನಾನು ತಡವರಿಸಿಕೊಂಡು, 'ಐದನೇ ಸಾಲು ಮುಗಿಸೇ ಇಲ್ಲ, ಇದ್ದಕ್ಕಿದ್ದಂಗೆ ಆರನೇದು ಶುರುವಾಗದೆ, ಏನು ಅಂತ ಗೊತ್ತಾಯ್ತಿಲ್ಲ ಅಂತದೆ ಮೇಡಂ' ಎಂದೆ. ಎನ್ನುತ್ತಿದ್ದಂತೆ ನನಗೇ ತಪ್ಪು ಕಂಡಿತು. ಸಾಲಿನ ಕೊನೆಗೆ ಒಂದು ಗುರುತು ಹಾಕಲು ಮರೆತಿದ್ದೆ. ಹಾಕಿದೆ. ಪರದೆ ತುಂಬ ಇದ್ದ ಬೈಗುಳವೆಲ್ಲ ಒಂದೇ ಏಟಿಗೆ ಮಾಯ. ಮೇಡಂ ಕಣ್ಣು ಬಿಟ್ಟು, 'ನೋಡ್ದಾ? ಅದು ನಿನ್ನ ಬೈತಿರ್ಲಿಲ್ಲ. ತನ್ನ ಕಷ್ಟ ಏಳ್ಕೋತಿತ್ತು' ಎಂದು ಎದ್ದು ಹೋದರು. ಆ ದಿನದಿಂದ ನನಗೆ ಎರರ್ ಎಂದರೆ ಭಯವಿಲ್ಲ. ನಿಜಕ್ಕೂ ಇಲ್ಲ.

ಇದು ಲ್ಯಾಬಿನ ಕಟ್ಟುಪಾಡೇ ಆಗಿತ್ತು. ಎರರ್ ಬಂದರೆ ಕೀಬೋರ್ಡಿನಿಂದ ಕೈ ತೆಗೆಯಬೇಕು. ಮೇಲಿನಿಂದ ಜೋರಾಗಿ ಓದಬೇಕು. ಮನೆಮಾತಿನಲ್ಲಿ ಹೇಳಬೇಕು. ಆಮೇಲೆಯೇ ಕೀಬೋರ್ಡ್ ಮುಟ್ಟಬೇಕು. ಸುಮ್ಮನೆ ಅಲ್ಲಿ ಇಲ್ಲಿ ಅಳಿಸಿ ಅದೃಷ್ಟ ನೋಡುವವರನ್ನು ಕಂಡರೆ ಮೇಡಂಗೆ ಮೈ ಉರಿಯುತ್ತಿತ್ತು. 'ಕಣ್ಣು ಕಟ್ಕೊಂಡು ಕಲ್ಲು ಬೀರ್ತಾವ್ನೆ ನೋಡು' ಎಂದು ಇಡೀ ಲ್ಯಾಬಿಗೆ ಕೇಳುವಂತೆ ಗದರುತ್ತಿದ್ದರು. ಕಾರಿಡಾರಿನಲ್ಲಿ ಹೋಗುವ ಸಿವಿಲ್ ಹುಡುಗರು 'ಒಳಗೆ ಮಗ್ಗಿ ನಡೀತಾ ಅದೆ ಕಣ್ಲಾ' ಎಂದು ನಗಾಡುತ್ತಿದ್ದರು. ನಗಾಡಲಿ. ನಮ್ಮ ಪ್ರೋಗ್ರಾಂಗಳು ಓಡುತ್ತಿದ್ದವು.

ಇನ್ನೊಂದು ಕಟ್ಟುಪಾಡು ಗಡಿಯಾರದ್ದು. ನಮ್ಮ ಮೆಷೀನುಗಳು ಹಳೆಯವು. ಒಳಗಿನ ಸೆಲ್ಲು ಸತ್ತು ಯಾವ ಕಾಲವಾಗಿತ್ತೋ. ಕರೆಂಟು ಹೋಗಿ ಬಂದರೆ ಸಾಕು, ಮೆಷೀನು ನಾವು ಹುಟ್ಟುವುದಕ್ಕೆ ಮುಂಚಿನ ತಾರೀಕು ತೋರಿಸುತ್ತಿತ್ತು. ಯಾವ ಫೈಲು ಹಳೆಯದು, ಯಾವುದು ಹೊಸದು ಎಂದು ತಾರೀಕು ನೋಡಿಯೇ ತೀರ್ಮಾನಿಸುವ ಸಾಫ್ಟ್‌ವೇರಿಗೆ ಆಗ ದಿಕ್ಕು ತಪ್ಪುತ್ತಿತ್ತು. ಹೊಸ ಸೆಲ್ಲು ಬೇಕೆಂದು ಮೇಡಂ ಕೇಳಿದ್ದರು. ಬರುವವರೆಗೆ ನಾವು ಬೆಳಿಗ್ಗೆ ಬಂದು ಮೊದಲು ತಾರೀಕು, ಟೈಮು ಸರಿ ಮಾಡಬೇಕಿತ್ತು. ಆಯುಧಪೂಜೆಯ ದಿನವೂ ಅಷ್ಟೇ. ಮೊದಲು ಗಡಿಯಾರ, ಆಮೇಲೆ ಕುಂಕುಮ.

ಇಷ್ಟೆಲ್ಲ ಶಿಸ್ತಿನವರು ಎಂದರೆ ಸಿಡುಕಿನವರು ಎಂದುಕೊಳ್ಳಬೇಡಿ. ತಮ್ಮೂರಾದ ಉಮ್ಮತ್ತೂರಿನ ಮಾತನ್ನು ಲ್ಯಾಬಿನ ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟು ಬರುವವರೂ ಅವರಲ್ಲ. ಅದೇ ಮಾತಿನಲ್ಲಿ ಪಾಠ, ಅದೇ ಮಾತಿನಲ್ಲಿ ತಮಾಷೆ. ಒಂದು ಎರರ್ ಬಗೆಹರಿದರೆ, ಅದು ಎಷ್ಟೇ ಸಣ್ಣದಿರಲಿ, 'ಟೀ ಕುಡಿಯನ ಬಾ' ಎನ್ನುವರು. ಹಾಗೆ ಟೀ ಕುಡಿಯುತ್ತ ನಾನು ಕಲಿತದ್ದೇ ಹೆಚ್ಚು.

ಒಂದು ದಿನ ಹಾಗೇ ಕೂತು, ಕಂಪೈಲರ್ ಒಪ್ಪಿದ್ದನ್ನು ಲಿಂಕರ್ ಯಾಕೆ ಒಪ್ಪುವುದಿಲ್ಲ ಎಂದು ಕೇಳಿದೆ. ಬಿಡಿಬಿಡಿಯಾಗಿ ತಯಾರಾದ ತುಂಡುಗಳನ್ನು ಸೇರಿಸಿ ಒಂದು ಮಾಡುವುದು ಲಿಂಕರಿನ ಕೆಲಸ ಎಂದು ಪುಸ್ತಕದಲ್ಲಿತ್ತು. ಅಷ್ಟರಿಂದ ನನ್ನ ತಲೆಗೆ ಏನೂ ಹತ್ತಿರಲಿಲ್ಲ. ಮೇಡಂ ಲೋಟ ಕೆಳಗಿಟ್ಟರು.

'ಲಗ್ನಪತ್ರಿಕೇಲಿ ಸೋದರಮಾವನ ಎಸ್ರು ಆಕ್ಸಿರ್ತಾರೆ. ಕಂಪೈಲರ್ರು ಪತ್ರಿಕೆ ಓದಿ, ಸೋದರಮಾವ ಒಬ್ಬವ್ನೆ, ಸರಿ ಅಂತ ಮುಂದಕ್ಕೋಯ್ತದೆ. ಲಿಂಕರ್ ಅಂಗಲ್ಲ. ಅದು ಚಪ್ಪರಕ್ಕೇ ಬತ್ತದೆ. ಎಲ್ಲಪ್ಪಾ ಸೋದರಮಾವ, ಕರೀರಿ ಅಂತದೆ. ಆಳು ಇಲ್ದಿದ್ರೆ ಮದ್ವೆ ನಿಲ್ಲಿಸ್ಬುಡ್ತದೆ.'

ಇಷ್ಟೇ. ಇವತ್ತಿಗೂ ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಓದು ಮುಗಿದ ಮೇಲೆ ಕೆಲವು ಕಾಲ ಅಲ್ಲಿ ಇಲ್ಲಿ ದುಡಿದು, ಆಮೇಲೆ ಅದೇ ಲ್ಯಾಬಿಗೆ ಗುತ್ತಿಗೆ ಮೇಲೆ ಇನ್‌ಸ್ಟ್ರಕ್ಟರ್ ಆಗಿ ಸೇರಿಕೊಂಡೆ. ಸಂದರ್ಶನದಲ್ಲಿ, ಎರರ್ ಅನ್ನು ಗಟ್ಟಿಯಾಗಿ ಓದಿಸಿ ಮನೆಮಾತಿನಲ್ಲಿ ಹೇಳಿಸುವ ಬೋಧನಾ ವಿಧಾನದ ಬಗ್ಗೆ ಭಾರಿ ಭಾಷಣ ಬಿಗಿದಿದ್ದೆ. ಕೆಲಸ ಸಿಕ್ಕಿದ ದಿನ ಮೇಡಂಗೆ ಅದನ್ನು ಹೇಳಿದರೆ ಅವರು ಬಿದ್ದು ಬಿದ್ದು ನಕ್ಕರು.

'ವಿಧಾನನೂ ಇಲ್ಲ, ಮಣ್ಣೂ ಇಲ್ಲ. ನಂಗೆ ಕಾಣ್ತಿರ್ಲಿಲ್ಲ ಕಣಮ್ಮಿ! ಅದ್ಕೆ ನಿಮ್ ಕೈಲಿ ಓದಿಸ್ತಿದ್ದೆ.'

ಸುತ್ತಲಿಂದ ನೋಟ ಕಿರಿದಾಗುತ್ತ ಬರುವ ಕಾಯಿಲೆಯಂತೆ. ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಸಲಕ್ಕೆ ಒಂದೆರಡು ಪದ ಕಾಣುತ್ತಿದ್ದವು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಒಂದೆರಡು ಅಕ್ಷರವಷ್ಟೇ. ಮೈಸೂರಿನ ಡಾಕ್ಟರು ಇದಕ್ಕೆ ಔಷಧಿ ಇಲ್ಲ ಎಂದು ಎಂದೋ ಹೇಳಿ ಕೈ ತೊಳೆದುಕೊಂಡಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಮೇಡಂಗೆ ಅದು ಕಾಣಲಿಲ್ಲ, ಆದರೆ ಮೂಗು ಎಳೆದದ್ದು ಕೇಳಿಸಿತು. 'ಅಳ್ಬೇಡ, ಸುಮ್ನಿರು. ಕಿವಿ ಗಟ್ಟಿಮುಟ್ಟಾಗವೆ' ಎಂದರು.

ಆ ವರ್ಷವೇ ಅವರ ನೋಟ ಪೂರಾ ಮುಚ್ಚಿಕೊಂಡಿತು. ಗಾಜಿನ ಮೇಲೆ ಹೊಸ ವಿಭೂತಿ ಬೀಳುವುದು ನಿಂತಿತು. ಮೇಡಂ ಲ್ಯಾಬಿಗೆ ಬರುತ್ತಲೇ ಇದ್ದರು, ವಿದ್ಯಾರ್ಥಿಗಳು ಓದುತ್ತಲೇ ಇದ್ದರು, ಪಾಠ ನಡೆಯುತ್ತಲೇ ಇತ್ತು. ಹಾಗಿರುವಾಗ ಒಂದು ದಿನ ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆದರು. ಅವರು ಕೆಟ್ಟವರಲ್ಲ. ಅಂಜುಬುರುಕರು, ಅಷ್ಟೇ.

'ಮೇಡಂ, ನಿಮ್ಮ ಪಾಠದ ಬಗ್ಗೆ ಒಂದು ಮಾತೂ ಇಲ್ಲ. ಆದರೆ ಸುತ್ತೋಲೆ ಬರುತ್ತೆ, ಅದನ್ನ ನಿಮಗೆ ಇನ್ನೊಬ್ಬರು ಓದಿ ಹೇಳಬೇಕು. ಲ್ಯಾಬ್ ಪರೀಕ್ಷೆಗೆ ಹೊರಗಿನವರು ಬರ್ತಾರೆ. ನೀವು ಒಬ್ಬರೇ ಇದ್ದಾಗ ಹುಡುಗ ಒಂದು ಬರೆದು ಇನ್ನೊಂದು ಓದಿದರೆ? ನಾಳೆ ಯಾರಾದರೂ ಕೇಳಿದರೆ ನಾನು ಏನು ಹೇಳಲಿ? ಕಚೇರಿಯಲ್ಲಿ ಒಂದು ಕುರ್ಚಿ ಖಾಲಿ ಇದೆ. ಅಲ್ಲಿ ಕೂತುಕೊಳ್ಳಿ, ನಿಮಗೂ ಆರಾಮು.'

ಮೇಡಂ ಬೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಿದ್ದರು. ಆಮೇಲೆ, 'ಯಾರ ಸಹಾಯನೂ ಇಲ್ದೆ ನಾನೇ ಸುತ್ತೋಲೆ ಓದ್ತೀನಿ, ಹುಡುಗರ ಪ್ರೋಗ್ರಾಮೂ ಓದ್ತೀನಿ. ದಸರಾ ರಜೆ ಮುಗೀಲಿ. ನಿಮ್ಮ ಎದುರಿಗೇ ಓದಿ ತೋರಿಸ್ತೀನಿ ಸರ್. ಆಗದಿದ್ರೆ ನಾನೇ ಲ್ಯಾಬಿನ ಬೀಗದಕೈ ತಂದ್ಕೊಡ್ತೀನಿ' ಎಂದರು.

ಪ್ರಿನ್ಸಿಪಾಲರು ಒಪ್ಪಿದರು. ಹೊರಗೆ ಬಂದ ಮೇಲೆ ನಾನು, 'ಹೆಂಗೆ ಮೇಡಂ?' ಎಂದೆ.

'ಮೆಷೀನ್ ಕೈಲಿ ಓದಿಸನ. ನೀನಿದ್ದೀಯಲ್ಲ.'

ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರು ನಮ್ಮ ಮೆಷೀನಿನಲ್ಲಿ ಆಗಲೇ ಇತ್ತು. ಆದರೆ ಅದಕ್ಕೆ ದನಿ ಕೊಡುವ ಭಾಗ ಹಳೆಯದು, ಕನ್ನಡ ಬರುತ್ತಿರಲಿಲ್ಲ. ಸುತ್ತೋಲೆಗಳೆಲ್ಲ ಕನ್ನಡದಲ್ಲೇ. ಹೊಸದರಲ್ಲಿ ಕನ್ನಡ ಇತ್ತು, ಆದರೆ ನಮ್ಮ ಹಳೆಯ ಮೆಷೀನಿಗೆ ಹೊಂದುವಂತೆ ಯಾರೂ ಅದನ್ನು ಸಿದ್ಧಮಾಡಿ ಇಟ್ಟಿರಲಿಲ್ಲ. ಅಂದರೆ ಅದರ ಸೋರ್ಸ್, ಮನುಷ್ಯರು ಬರೆದ ಮೂಲರೂಪ, ತಂದು ನಾವೇ ಕಂಪೈಲ್ ಮಾಡಿ, ನಾವೇ ಲಿಂಕ್ ಮಾಡಿ ಕೂರಿಸಬೇಕು. ಗುಂಡ್ಲುಪೇಟೆಯ ಮನೆಯಲ್ಲಿ ಅದನ್ನು ಇಳಿಸಿಕೊಂಡು, ಪೆನ್‌ಡ್ರೈವನ್ನು ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು, ರಜೆಯಲ್ಲಿ ಬಸ್ಸು ಹತ್ತಿದೆ. ಮೇಡಂ ಅವರನ್ನು ಯಜಮಾನರು ಮೊಪೆಡ್ಡಿನಲ್ಲಿ ತಂದು ಬಿಟ್ಟರು. ಅವರು ಬಂಡೀಪುರದಲ್ಲಿ ಅರಣ್ಯ ಇಲಾಖೆಯ ವಾಚರ್.

'ನೀನಾರ ಏಳಮ್ಮಿ' ಎಂದರು ನನಗೆ. 'ಆಫೀಸಲ್ಲಿ ತಣ್ಣಗೆ ಕೂತ್ಕೋ ಅಂದ್ರೆ ಕೇಳಾಕಿಲ್ಲ ಇವ್ಳು.'

'ನಿಮ್ಮ ಕಾಡು ಬುಡ್ಸಿ ಮರದ ಡಿಪೋ ಗೇಟಲ್ಲಿ ಕೂರ್ಸುದ್ರೆ ಕೂರ್ತೀರಾ?' ಎಂದರು ಮೇಡಂ.

ಯಜಮಾನರು ಗಾಡಿ ತಿರುಗಿಸಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಕೆಲಸ ಶುರುವಾಯಿತು. ನಾನು ಕೀಬೋರ್ಡು, ಮೇಡಂ ಕಿವಿ. ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿತು. ಶಬ್ದ ಹೊರಡಿಸಲು ಬೇರೆಯವರು ಮೊದಲೇ ಬರೆದಿಟ್ಟ ತುಂಡು, ಲೈಬ್ರರಿ, ಸಿಗುತ್ತಿಲ್ಲ ಎಂದು ದೂರು. 'ಇದೆಯಲ್ಲ ಮೇಡಂ, ಹಾಡು ಕೇಳುತ್ತೆ ಇದರಲ್ಲಿ' ಎಂದು ರೇಗಿದೆ. 'ಆಳು ಅವ್ನೆ, ಪತ್ರಿಕೆ ಇಲ್ಲ. ಅದರದ್ದೇ ಬೇರೆ ಪ್ಯಾಕೇಜ್ ಬತ್ತದೆ, ಆಕು' ಎಂದರು. ಹಾಕಿದೆ, ಮುಂದೆ ಹೋಯಿತು. ಸ್ವಲ್ಪ ದೂರ ಹೋಗಿ, ಕಟ್ಟಿದ್ದನ್ನೇ ಮತ್ತೆ ಮತ್ತೆ ಕಟ್ಟತೊಡಗಿತು. ಫೈಲುಗಳೆಲ್ಲ ಮುಂದಿನ ಕಾಲದಲ್ಲಿ ಹುಟ್ಟಿವೆ ಎಂದು ಎಚ್ಚರಿಕೆ ಬೇರೆ. ಓದುತ್ತ ಓದುತ್ತ ನನಗೇ ನಗು ಬಂತು. ರಜೆ ಎಂಬ ಸಡಗರದಲ್ಲಿ ಗಡಿಯಾರ ಸರಿ ಮಾಡುವುದನ್ನೇ ಇಬ್ಬರೂ ಮರೆತಿದ್ದೆವು. ಸರಿ ಮಾಡಿ ಮತ್ತೆ ಮೊದಲಿನಿಂದ ಹಿಡಿದೆವು.

ನಿಜವಾದ ಪೀಕಲಾಟ ಶುರುವಾದದ್ದು ಲಿಂಕರ್ ಹತ್ತಿರ. ಕಂಪೈಲ್ ಎಲ್ಲ ಸಲೀಸಾಗಿ ಮುಗಿದು, ಇನ್ನೇನು ಬಂತು ಎನ್ನುವಾಗ, ಶಬ್ದದ ಲೈಬ್ರರಿಯಲ್ಲಿ ಇರಬೇಕಾದ ಒಂದು ಫಂಕ್ಷನ್, ಹೆಸರಿಟ್ಟು ಕರೆಯುವ ಪುಟ್ಟ ಕೆಲಸಗಾರ, ಎಲ್ಲೂ ಸಿಗಲಿಲ್ಲ ಎಂದು ನಿಂತಿತು. ಲೈಬ್ರರಿ ತೆಗೆದು ಹೊಸದಾಗಿ ಹಾಕಿದೆ. ಅದೇ ಮಾತು. ಸೋರ್ಸ್ ಅಳಿಸಿ ಮತ್ತೆ ಬಿಚ್ಚಿದೆ. ಅದೇ ಮಾತು. ಲೈಬ್ರರಿಯೊಳಗೆ ಇಣುಕಿ ನೋಡಿದರೆ ಆ ಫಂಕ್ಷನ್ ಅಲ್ಲೇ ಇದೆ! ಆ ದಿನ ಹೋಯಿತು, ಮಾರನೆಯ ದಿನವೂ ಹೋಯಿತು. ರಜೆ ಕರಗುತ್ತಿತ್ತು. ನಾನು ಕೀಬೋರ್ಡ್ ತಳ್ಳಿ, 'ನನ್ನ ಕೈಲಾಗಲ್ಲ ಮೇಡಂ, ಇಂಗ್ಲಿಷಲ್ಲೇ ಓದಲಿ, ಸುತ್ತೋಲೆ ನಾನು ಹೇಳ್ತೀನಿ' ಎಂದುಬಿಟ್ಟೆ.

ಮೇಡಂ ರೇಗಲಿಲ್ಲ. ಗದರಿದ್ದರೇ ಚೆನ್ನಾಗಿತ್ತು. 'ನೀನು ಇಲ್ದಿದ್ ದಿನ?' ಎಂದಷ್ಟೇ ಕೇಳಿದರು.

ನನಗೆ ನಾಚಿಕೆಯಾಯಿತು. ಕುರ್ಚಿ ಮತ್ತೆ ಎಳೆದುಕೊಂಡೆ.

'ನೋಡಮ್ಮಿ, ಪತ್ರಿಕೇಲಿ ಎಸ್ರದೆ. ಆಳೂ ಅವ್ನೆ, ನೀನೇ ಕಂಡೆ. ಆದ್ರೂ ಲಿಂಕರ್ಗೆ ಸಿಕ್ತಿಲ್ಲ ಅಂದ್ರೆ ಅದು ಬೇರೆ ಯಾವ್ದೋ ಚಪ್ಪರಕ್ಕೆ ಓಗಿ ಕೂಗ್ತಾ ಅದೆ. ಎಲ್ಲೆಲ್ಲಿ ಉಡುಕ್ತು ಅಂತ ಅದ್ರ ಬಾಯಲ್ಲೇ ಏಳ್ಸು. ಅದಕ್ಕೊಂದು ಆಯ್ಕೆ ಅದೆ. ನಾವು ಕೇಳಿಲ್ಲ, ಅದು ಏಳಿಲ್ಲ.'

ಕೇಳಿದೆ. ಲಿಂಕರ್ ತಾನು ತೆರೆದ ಪ್ರತಿ ಫೈಲಿನ ವಿಳಾಸ ಉದುರಿಸಿತು. ನಾನು ಮೇಲಿನಿಂದ ಓದುತ್ತ ಹೋದೆ. ಮೇಡಂ ಕಣ್ಣು ಮುಚ್ಚಿ, ತಲೆ ವಾಲಿಸಿ ಕೂತಿದ್ದರು. ಶಬ್ದದ ಲೈಬ್ರರಿ ಬಂತು. ನಾನು ಮಾಮೂಲಿನಂತೆ ಓದಿ ಮುಂದಿನ ಸಾಲಿಗೆ ಹೋದೆ.

'ತಡಿ! ಇನ್ನೊಂದ್ಸಲ ಓದು. ಯಾವ ಜಾಗ ಅಂದೆ?'

ಓದಿದೆ. ಮೆಷೀನಿನ ಜೊತೆ ಬಂದ ಲೈಬ್ರರಿಗಳಿರುವ ಜಾಗವಲ್ಲ ಅದು. ನಾವು ಕೈಯಾರೆ ಸೋರ್ಸಿನಿಂದ ಕಟ್ಟಿ ಕೂರಿಸಿದವು ಹೋಗಿ ಕೂರುವ ಜಾಗ. ಲಿಂಕರ್ ಮೊದಲು ಅಲ್ಲಿಗೇ ಹೋಗುತ್ತದೆ. ನಾನು ಅದೇ ಹೆಸರಿನ ಸಾಲನ್ನು ನೂರು ಸಲ ಕಣ್ಣಲ್ಲಿ ಕಂಡರೂ ಸರಿಯಾಗಿ ನೋಡಿರಲಿಲ್ಲ.

ಮೇಡಂ ತೊಡೆ ತಟ್ಟಿಕೊಂಡರು. 'ಅಯ್ಯೋ ಶಿವನೇ! ಅದು ನಂದೇ ಕಣಮ್ಮಿ!'

ಕಣ್ಣು ಚೆನ್ನಾಗಿದ್ದ ಕಾಲದಲ್ಲಿ, ಯಾವುದೋ ಬ್ಯಾಚಿನ ಹುಡುಗಿಯರು ತಮ್ಮ ಪ್ರಾಜೆಕ್ಟಿನಲ್ಲಿ ಹಾಡು ನುಡಿಸಬೇಕು ಎಂದರಂತೆ. ಮೇಡಂ ಶಬ್ದದ ಲೈಬ್ರರಿಯನ್ನು ಸೋರ್ಸಿನಿಂದ ಕಟ್ಟಿ, ಲ್ಯಾಬಿನ ಎಲ್ಲ ಮೆಷೀನಿನಲ್ಲೂ ತಾವೇ ಕೂತು ಕೂರಿಸಿದ್ದರಂತೆ. ಆ ಹಳೆಯ ಪ್ರತಿ ಅಲ್ಲೇ ಉಳಿದಿತ್ತು. ಅದರಲ್ಲಿ ಹೊಸ ಫಂಕ್ಷನ್ ಎಲ್ಲಿಂದ ಬರಬೇಕು? ಪತ್ರಿಕೆ ಹೊಸ ಮದುವೆಯದು, ಚಪ್ಪರ ಹಳೆಯ ಮದುವೆಯದು.

'ಎಷ್ಟು ಒದ್ದಾಡಿ ಕೂರ್ಸಿದ್ದೆ ಗೊತ್ತಾ ಅದ್ನ. ಆ ಹುಡ್ಗೀರು ಕುಣ್ದಾಡಿದ್ರು' ಎಂದರು. ಅವರ ಕಣ್ಣಲ್ಲೇ ನೋಡಿ, ಅವರ ಕೈಯಲ್ಲೇ ಕಟ್ಟಿದ್ದ ಕೆಲಸ ಅದು. ನನಗೆ ಅಳಿಸಲು ಕೈ ಬರಲಿಲ್ಲ. ಮೇಡಂಗೆ ಅದೂ ಗೊತ್ತಾಯಿತು.

'ಅಳಿಸ್ಬೇಡ, ಪಕ್ಕಕ್ಕೆ ಸರ್ಸು. ಬೇಕಾದ್ರೆ ಮತ್ತೆ ತರನ. ಏನ್ ನೋಡ್ತಾ ಕೂತಿದ್ದೀಯೆ, ಸರ್ಸು!'

ಸರಿಸಿದೆ. ಲಿಂಕರ್ ಒಂದು ಮಾತೂ ಆಡದೆ ಕೆಲಸ ಮುಗಿಸಿತು. ಅದು ಸುಮ್ಮನಿದ್ದರೆ ಅದಕ್ಕಿಂತ ದೊಡ್ಡ ಮಾತಿಲ್ಲ. ಓಡಿಸಿದರೆ ಮತ್ತೆ ಒಂದು ತಕರಾರು, ಹೊಸದಾಗಿ ಬಂದ ಲೈಬ್ರರಿಯ ಗುರುತು ಮೆಷೀನಿಗೆ ಇನ್ನೂ ಸಿಕ್ಕಿಲ್ಲ ಎಂದು. ಅದಕ್ಕೆ ಒಂದು ಆಜ್ಞೆ ಸಾಕಾಯಿತು. ಕೀಬೋರ್ಡನ್ನು ಮೇಡಂ ಕಡೆ ತಿರುಗಿಸಿದೆ. ಅವರು ಬೆರಳಲ್ಲೇ ಗುಂಡಿಗಳನ್ನು ತಡವಿಕೊಂಡು ಒಂದು ಸಾಲು ಟೈಪ್ ಮಾಡಿ ಗುಂಡಿ ಒತ್ತಿದರು. ಸ್ಪೀಕರು ಗೊರಗೊರ ಎಂದಿತು. ಆಮೇಲೆ ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟಿನಂಥ ಒಣ ಗಂಡುದನಿ ಖಾಲಿ ಲ್ಯಾಬಿನಲ್ಲಿ ಮೊಳಗಿತು:

'ಟೀ ಕುಡಿಯನ ಬಾ ಅಮ್ಮಿ.'

ನಾವಿಬ್ಬರೂ ನಕ್ಕ ನಗೆಗೆ ಅಟೆಂಡರ್ ಏನಾಯಿತೋ ಎಂದು ಓಡಿಬಂದ.

ರಜೆ ಮುಗಿಯಿತು. ಪ್ರಿನ್ಸಿಪಾಲರು ಬಂದು ಮೇಡಂ ಪಕ್ಕದಲ್ಲಿ ಕೂತರು. ನಾನು ಬಾಗಿಲ ಹತ್ತಿರ ನಿಲ್ಲಬೇಕು, ಬಾಯಿ ಬಿಡಬಾರದು ಎಂದು ಕರಾರು. ಒಂದು ಸುತ್ತೋಲೆ, ಒಬ್ಬ ಹುಡುಗನ ತಪ್ಪು ತುಂಬಿದ ಪ್ರೋಗ್ರಾಂ, ಎರಡನ್ನೂ ಅವರೇ ತಂದು ಮೆಷೀನಿಗೆ ಹಾಕಿದ್ದರು. ಮೇಡಂ ಉಳಿದ ರಜೆಯುದ್ದಕ್ಕೂ ಆ ದನಿಯ ವೇಗ ಏರಿಸುತ್ತ ಅಭ್ಯಾಸ ಮಾಡಿದ್ದರು. ಈಗ ಅದು ಓದುವ ರಭಸಕ್ಕೆ ನನಗೇ ತಲೆಬುಡ ತಿಳಿಯುತ್ತಿರಲಿಲ್ಲ. ಸುತ್ತೋಲೆ ಗುಡುಗುಡು ಓಡಿತು.

'ಇದು ನಿಮಗೆ ಅರ್ಥ ಆಗುತ್ತಾ ಮೇಡಂ?' ಎಂದು ಕೇಳಿದರು ಪ್ರಿನ್ಸಿಪಾಲರು, ಗಾಬರಿಯಲ್ಲಿ.

'ನಿಮಗೆ ಬೇಕಾದ್ರೆ ನಿಧಾನ ಮಾಡ್ತೀನಿ ಸರ್' ಎಂದ ಮೇಡಂ ಸುತ್ತೋಲೆಯ ಸಾರವನ್ನು ಒಪ್ಪಿಸಿಬಿಟ್ಟರು.

ಆಮೇಲೆ ಪ್ರೋಗ್ರಾಂ. ದನಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿತು. ಮೇಡಂ ಕಂಪೈಲ್ ಮಾಡಿದರು. ಎರರುಗಳ ಮಳೆ ಶುರುವಾಯಿತು. ದನಿ ಮೊದಲನೆಯ ಎರರನ್ನು ಓದಿ ಮುಗಿಸಿ ಎರಡನೆಯದಕ್ಕೆ ಬಾಯಿ ತೆರೆದಿತ್ತು, ಅಷ್ಟೇ. ಕರೆಂಟು ಹೋಯಿತು.

ಲ್ಯಾಬು ಸತ್ತಂತಾಯಿತು. ಯುಪಿಎಸ್ ಎಂಬುದು ನಮ್ಮಲ್ಲಿ ಹೆಸರಿಗೆ ಮಾತ್ರ. ಪರದೆ ಕಪ್ಪು. ಮುಗಿಯಿತು, ಬೀಗದಕೈ ಕೊಡಬೇಕು ಎಂದುಕೊಂಡೆ. ಪ್ರಿನ್ಸಿಪಾಲರು, 'ಅಯ್ಯೋ, ಎಲ್ಲ ಹೋಯಿತಲ್ಲ. ಇನ್ನೊಂದು ದಿನ ಇಟ್ಟುಕೊಳ್ಳೋಣ' ಎಂದು ಏಳಹೊರಟರು.

'ಕೂತ್ಕೊಳಿ ಸರ್' ಎಂದರು ಮೇಡಂ. 'ಈಗ ನಿಮಗೂ ನನಗೂ ಒಂದೇ.'

ಪ್ರಿನ್ಸಿಪಾಲರು ಕೂತರು.

'ಇಪ್ಪತ್ತಮೂರನೇ ಸಾಲಲ್ಲಿ ಬ್ರಾಕೆಟ್ ಮುಚ್ಚಿಲ್ಲ. ಮಿಕ್ಕಿದ್ದೆಲ್ಲ ಅದರ ಕೂಗಾಟ, ಬಿಡಿ. ಆದ್ರೆ ಇನ್ನೊಂದು ಇದೆ, ಅದನ್ನ ಕಂಪೈಲರ್ ಹೇಳಲ್ಲ. ಸರಾಸರಿ ತೆಗೆಯೋ ಫಂಕ್ಷನ್ ಒಂದಿದೆ ಅಂತ ಮೇಲ್ಗಡೆ ಬರ್ಕೊಂಡವ್ನೆ, ಕೆಳಗಡೆ ಅದನ್ನ ಕರ್ದೂ ಅವ್ನೆ. ಫಂಕ್ಷನ್ ಮಾತ್ರ ಬರ್ದೇ ಇಲ್ಲ. ಬ್ರಾಕೆಟ್ ಮುಚ್ಚಿದ ಮೇಲೆ ಲಿಂಕರ್ ಹಿಡಿಯುತ್ತೆ, ನೋಡ್ತಿರಿ.'

ಕರೆಂಟು ಬಂತು. ಮೆಷೀನು ಎದ್ದಿತು. ಪ್ರಿನ್ಸಿಪಾಲರೇ ಆತುರದಿಂದ ಕೀಬೋರ್ಡಿಗೆ ಕೈ ಹಾಕಿದರು. ಮೇಡಂ ಅವರ ಕೈಯ ಮೇಲೆ ಪಟ್ಟೆಂದು ಹೊಡೆದರು. ವಿದ್ಯಾರ್ಥಿಗಳಿಗೆ ಹೊಡೆಯುತ್ತಿದ್ದ ಹಾಗೆಯೇ.

'ಮೊದಲು ಗಡಿಯಾರ ಸರ್!'

ಪ್ರಿನ್ಸಿಪಾಲರು ತೆಪ್ಪಗೆ ತಾರೀಕು ಸರಿ ಮಾಡಿದರು. ಇಪ್ಪತ್ತಮೂರನೆಯ ಸಾಲಿನಲ್ಲಿ ಬ್ರಾಕೆಟ್ ಮುಚ್ಚಿದರು. ಕಂಪೈಲರ್ ಒಪ್ಪಿತು. ಮರುಗಳಿಗೆಯೇ ಲಿಂಕರ್, ಆ ಫಂಕ್ಷನ್ ಎಲ್ಲೂ ಇಲ್ಲ ಎಂದು ನಿಂತಿತು. ಅವರು ಪರದೆಯನ್ನು ನೋಡಿದರು, ಮೇಡಂ ಅವರನ್ನು ನೋಡಿದರು, ಆಮೇಲೆ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು. ನನ್ನ ಬಾಯಿ ಮುಚ್ಚೇ ಇತ್ತು, ಆದರೆ ನಗು ಎಲ್ಲಿ ನನ್ನ ಮಾತು ಕೇಳುತ್ತದೆ.

'ಕಚೇರಿ ಕುರ್ಚಿಗೆ ಬೇರೆ ಯಾರನ್ನಾದರೂ ಹುಡುಕ್ತೀನಿ ಮೇಡಂ' ಎಂದರು. 'ನೀವು ಇಲ್ಲೇ ಇರಿ. ದಯವಿಟ್ಟು ಇಲ್ಲೇ ಇರಿ.'

ಇದ್ದರು. ನಿವೃತ್ತಿಯಾಗುವವರೆಗೂ ಅದೇ ಲ್ಯಾಬಿನಲ್ಲಿ, ಒಂದು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಇದ್ದರು. ಇನ್ನೊಂದು ಕಿವಿ ವಿದ್ಯಾರ್ಥಿಗಳಿಗೆ. ಕೊನೆಗೂ ಹೊಸ ಸೆಲ್ಲುಗಳು ಬಂದು ಗಡಿಯಾರಗಳು ಸರಿಯಾದವು. ಮೇಡಂ ಮಾತ್ರ ಬೆಳಿಗ್ಗೆ ತಾರೀಕು ಕೇಳುವುದನ್ನು ಬಿಡಲಿಲ್ಲ.

ಹೋದ ವರ್ಷ ಮೇಡಂ ತೀರಿಕೊಂಡರು. ಹೆಚ್ಚು ನರಳಲಿಲ್ಲ. ನಾನು ಆ ಹೊತ್ತಿಗೆ ಗುಂಡ್ಲುಪೇಟೆಯ ಒಂದು ಕಾಲೇಜಿಗೆ ಬಂದಿದ್ದೆ. ಸುದ್ದಿ ಕೇಳಿ ಉಮ್ಮತ್ತೂರಿಗೆ ಓಡಿದೆ. ಹಣೆಯ ಮೇಲೆ ವಿಭೂತಿ ಗಟ್ಟಿಯಾಗಿ ಬಳಿದಿದ್ದರು. ಯಜಮಾನರು ನನ್ನನ್ನು ಕಂಡವರೇ, 'ನಿನ್ನೆ ಸಾಯಂಕಾಲವೂ ಆ ಮೆಷೀನ್ ಕೈಲಿ ಪೇಪರ್ ಓದಿಸ್ಕೊಂಡ್ಳು ಕಣಮ್ಮಿ' ಎಂದರು. 'ಕಾಡಲ್ಲಿ ನಮ್ಗೂ ಕಿವಿನೇ ಮೊದ್ಲು, ಕಣ್ಣು ಆಮ್ಯಾಕೆ. ಆದ್ರೆ ಇವ್ಳಷ್ಟು ಸೂಕ್ಷ್ಮವಾಗಿ ನಾನೂ ಕೇಳ್ನಿಲ್ಲ.' ನಾನು ಜೋರಾಗಿ ಅತ್ತೆ. ಸುಮ್ನಿರು ಎನ್ನುವವರು ಇರಲಿಲ್ಲ.

ಅವರಿಂದ ನನಗೆ ಸಿಕ್ಕಿದ್ದು ಏನು ಎಂದು ಯಾರಾದರೂ ಕೇಳಿದರೆ, ನನ್ನ ಕೆಲಸ, ಅನ್ನ, ಧೈರ್ಯ, ಮೂರೂ ಎನ್ನುತ್ತೇನೆ. ಅದರಲ್ಲಿ ಸಂಕೋಚವೇನಿಲ್ಲ.

ಮೊನ್ನೆ ನನ್ನ ಲ್ಯಾಬಿನಲ್ಲಿ ಒಬ್ಬ ಹುಡುಗಿ, ಕೇರಳದ ಸುಲ್ತಾನ್ ಬತ್ತೇರಿ ಕಡೆಯಿಂದ ಬಂದ ಕುಟುಂಬದವಳು, ಯಾವುದೋ ಸಾಫ್ಟ್‌ವೇರನ್ನು ಸೋರ್ಸಿನಿಂದ ಕೂರಿಸಲು ಹೋಗಿ ಪರದೆ ತುಂಬ ಎರರ್ ತಂದುಕೊಂಡು ಕಣ್ಣೀರು ತುಂಬಿಕೊಂಡಿದ್ದಳು. ನಾನು ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತೆ. ನನ್ನ ಎರಡೂ ಕಣ್ಣು ಚೆನ್ನಾಗಿವೆ. ಆದರೂ ಮುಚ್ಚಿಕೊಂಡು, 'ಓದು' ಎಂದೆ. ಅವಳು ಎಲ್ಲೋ ಕೆಳಗಿನಿಂದ ಶುರು ಮಾಡಿದಳು. ನಾನು ಕೈ ಎತ್ತಿದೆ. ಅವಳು ನನ್ನ ಮುಚ್ಚಿದ ಕಣ್ಣು ನೋಡಿ, ಮೆಲ್ಲಗೆ ಕೇಳಿದಳು:

'ಮೇಡಂ, ನಿದ್ದೆ ಬಂತಾ?'

'ಇಲ್ಲ, ಕೇಳ್ತಾ ಇದ್ದೀನಿ' ಎಂದೆ. 'ಮೇಲಿಂದ ಓದು ಕಣಮ್ಮಿ.'